ಒಂದೇ ಪದದ ತಂತಿ

ಅಕ್ಕಿಹೆಬ್ಬಾಳು
12-11-1993

ಪರದೆಗಳ ಪರಬ್ರಹ್ಮ, ಬಣ್ಣಗಳ ಬಾದಶಹ, ಕೃಷ್ಣರಾಜಪೇಟೆ ಸ್ಟುಡಿಯೊದ ಸಿಂಹಾಸನಾಧೀಶ್ವರ ಕೃಷ್ಣಮೂರ್ತಾಚಾರಿಗೆ, ನಿನ್ನ ಬಾಲ್ಯಸ್ನೇಹಿತ ತಿಮ್ಮರಾಜು ಮಾಡುವ ನಮಸ್ಕಾರ. ಅದರ ಬೆನ್ನಿಗೇ ಒಂದು ಗುದ್ದು.

ಹೇಳದೆ ಕೇಳದೆ ಊರು ಬಿಡುವುದು ಅಂದರೆ ಏನಯ್ಯ? ಮೊನ್ನೆ ಸ್ಟುಡಿಯೊಗೆ ಬಂದರೆ ನಿನ್ನ ಕುರ್ಚಿಯ ಮೇಲೆ ತಂಗಿ ಪಾರ್ವತಮ್ಮ ಕೂತು ಪಾಸ್‌ಪೋರ್ಟ್ ಫೋಟೊ ಕತ್ತರಿಸುತ್ತಾ ಇದ್ದಾಳೆ.

“ಎಲ್ಲವ್ವಾ ನಿನ್ ಗಂಡ?” ಅಂದೆ.

“ರಾಜಸ್ಥಾನಕ್ಕೋದ್ರು ಕಣಣ್ಣ. ಮರಳುಗಾಡು ಫೋಟ ತಗೀಬೇಕಂತೆ.”

“ಯಾವಾಗ ಬತ್ತಾನೆ?”

“ನನ್ ಕೇಳಿದ್ರೆ? ನಿಮಗೇ ಹೇಳ್ದೆ ಹೋದೋರು ನನಗೇಳ್ತಾರಾ?”

ಅಂದವಳೇ ಒಂದು ಚೀಟಿ ಕೊಟ್ಟಳು. ಜೈಸಲ್ಮೇರ್, ಭಂವರ್‌ಲಾಲ್ ಅವರ ಫೋಟೊ ಸ್ಟುಡಿಯೊ. ಅಷ್ಟೇ ವಿಳಾಸ. ಅಕ್ಕಿಹೆಬ್ಬಾಳಿನಲ್ಲಿ ರೈಲು ಹತ್ತಿ ಮೈಸೂರಿಗೆ ಹೋಗುವುದಕ್ಕೇ ಬುತ್ತಿ ಕಟ್ಟಿಸಿಕೊಳ್ಳುವ ಮನುಷ್ಯ, ಪಾಕಿಸ್ತಾನದ ಬೇಲಿಯ ಹತ್ತಿರ ಹೋಗಿ ನಿಂತಿದ್ದಾನೆ.

ದಸರಾ ನಾಟಕದ ವಿಷಯಕ್ಕೆ ಮುನಿಸಿಕೊಂಡೆಯಾ? ಇರಲಾರದು. ಅದೊಂದು ನಗುವ ಸಂಗತಿ ತಾನೆ? ನಾನೇ ಬರೆದ ‘ಉರಿಮರಳ ಅರಸ’. ಕೊನೆಯ ದೃಶ್ಯ. ರಾಜ್ಯ ಕಳೆದುಕೊಂಡ ಅರಸ ಮರುಭೂಮಿಯಲ್ಲಿ ಒಬ್ಬಂಟಿ. ತಾನೇ ಅವಮಾನ ಮಾಡಿ ಓಡಿಸಿದ ಪ್ರಾಣಸ್ನೇಹಿತನನ್ನು ಮೂರು ಸಲ ಕರೆಯುತ್ತಾನೆ: ಮರಳು, ಗೆಳೆಯಾ, ಮರಳು. ಗೆಳೆಯ ಬರುವುದಿಲ್ಲ. ಅರಸ ಕುಸಿಯುತ್ತಾನೆ. ಅಂಕದ ಪರದೆ. ಹೆಂಗಸರು ಸೆರಗು ಕಣ್ಣಿಗೆ ಒತ್ತಿಕೊಳ್ಳಬೇಕು. ಆದರೆ ನಾನು ಒಂದನೇ ಸಲ ಕರೆದದ್ದೇ ತಡ, ನಮ್ಮ ಟ್ರಾಕ್ಟರ್ ಮಂಚಯ್ಯ ಜನದ ನಡುವೆ ಎದ್ದು ನಿಂತು, “ಮರಳು ಬೇಕಾ ಅಣ್ಣ? ಟ್ರಾಕ್ಟರು ಇಲ್ಲೇ ನಿಂತದೆ, ಎಷ್ಟು ಲೋಡು?” ಅಂದುಬಿಟ್ಟ. ಹೊಳೆಯಲ್ಲಿ ದಿನಾ ಮರಳು ತುಂಬುವವನಿಗೆ ಆ ಪದಕ್ಕೆ ಬೇರೆ ಅರ್ಥ ಎಲ್ಲಿಂದ ಹೊಳೆಯಬೇಕು? ನಕ್ಕರು, ಬಿಟ್ಟರು. ಅದಕ್ಕೆಲ್ಲ ದೇಶಾಂತರ ಹೋಗುತ್ತಾರೇನೋ?

ಬರುವ ಮಾರ್ಚ್ ಇಪ್ಪತ್ತೇಳಕ್ಕೆ ಪಾಂಡವಪುರದಲ್ಲಿ, ಸಕ್ಕರೆ ಕಾರ್ಖಾನೆಯವರ ಮುಂದೆ, ಅದೇ ನಾಟಕ ಒಪ್ಪಿಕೊಂಡಿದ್ದೇನೆ. ಪರದೆ ನೀನೇ ಕಟ್ಟಬೇಕು. ಬೇಗ ಹೊರಡು. ನನ್ನ ಗಂಟಲು ಸ್ವಲ್ಪ ಕಟ್ಟಿದೆ. ಕಬ್ಬಿನ ಕಾಲದ ಧೂಳು, ಇನ್ನೇನಿಲ್ಲ.

ನಿನ್ನ
ತಿಮ್ಮರಾಜು

~

ಜೈಸಲ್ಮೇರ್
26-11-1993

ತಿಮ್ಮ,

ಕಾಗದ ತಲುಪಿತು. ಕ್ಷೇಮವಾಗಿದ್ದೇನೆ. ಮುನಿಸು ಏನೂ ಇಲ್ಲ. ಒಂದು ಸಲ ಕಣ್ಣಾರೆ ನೋಡಬೇಕು ಅನ್ನಿಸಿತು, ಬಂದೆ.

ಊರಿನಿಂದ ಬಸ್ಸಿನಲ್ಲಿ ಒಂದೂವರೆ ಗಂಟೆ ಹೋದರೆ ಸಮ್ ಅನ್ನುವ ಹಳ್ಳಿ. ಅಲ್ಲಿಂದಾಚೆ ದಿಬ್ಬಗಳು. ದಸರಾ ಪರದೆಯ ಮೇಲೆ ನಾನು ಬರೆದದ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ನನ್ನ ಪರದೆಯಲ್ಲಿ ಎರಡು ತೆಂಗಿನ ಮರ ಇದ್ದವು, ಈಗ ನೆನೆಸಿಕೊಂಡರೆ ಕಿವಿ ಬಿಸಿಯಾಗುತ್ತದೆ.

ಮೊದಲನೇ ರೀಲು ಪೂರ್ತಿ ಹಾಳು. ಮಧ್ಯಾಹ್ನದ ಬಿಸಿಲಲ್ಲಿ ಮೂವತ್ತಾರು ಫೋಟೊ ತೆಗೆದೆ, ತೊಳೆದು ನೋಡಿದರೆ ಮೂವತ್ತಾರರಲ್ಲೂ ಸುಣ್ಣ ಹೊಡೆದ ಗೋಡೆ. ಭಂವರ್‌ಲಾಲ್ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ ಹಿಂದಿಯಲ್ಲಿ ಏನೋ ಅಂದರು. ಅರ್ಧ ಅರ್ಥವಾಯಿತು. ಇನ್ನರ್ಧ ಬೈಗುಳ ಇರಬೇಕು.

ಎರಡನೇ ರೀಲಿನಲ್ಲಿ ಸುಮಾರಾಗಿ ಬಂದ ಒಂದನ್ನು ಇದರ ಜೊತೆ ಇಟ್ಟಿದ್ದೇನೆ. ಪರದೆಗೆ ಹಳೆಯದನ್ನೇ ಉಪಯೋಗಿಸು. ಗಂಟಲಿಗೆ ಉಪ್ಪುನೀರು ಮುಕ್ಕಳಿಸು.

ಕೃಷ್ಣಮೂರ್ತಿ

~

ಅಕ್ಕಿಹೆಬ್ಬಾಳು
10-12-1993

ಮರುಭೂಮಿಯ ಮಹಾಮುನಿಗೆ ತಿಮ್ಮರಾಜುವಿನ ಸಾಷ್ಟಾಂಗ.

ನಿನ್ನ ಕಾಗದ ಏಳು ಸಾಲು ಅಥವಾ ಎಂಟು ಸಾಲು ಇರಬಹುದು. ಅಷ್ಟು ದೂರದಿಂದ ಬಂದ ಕಾಗದಕ್ಕೆ ಅಷ್ಟೇನಾ ಮಾತು? ಅಂಚೆಯವನಿಗೆ ನಾಚಿಕೆಯಾಗಿರಬೇಕು.

ಫೋಟೊವನ್ನು ನಮ್ಮ ಮನೆಯಾಕೆ ಬೆಟ್ಟಮ್ಮನಿಗೆ ತೋರಿಸಿದೆ. ಒಲೆಯ ಮುಂದಿನಿಂದ ಏಳದೆಯೇ ನೋಡಿ, “ಯಾರ ಕಣ ಇದು? ಈಪಾಟಿ ರಾಗಿ ಬೆಳ್ದವ್ರಲ್ಲ” ಅಂದಳು. ಮರಳು ಕಣೆ ಅಂದೆ. “ನಿಮ್ಮಾಚಾರಿಗೆ ಇಲ್ಲಿ ಹೊಳೆ ಇರ್ನಿಲ್ವಾ?” ಅಂದಳು. ನಿನ್ನ ಪರವಾಗಿ ವಾದ ಮಾಡಬೇಕೆಂದು ಎದ್ದೆ, ಎದೆ ಉಬ್ಬಿಸಿದೆ, ಆದರೆ ಆಕೆ ಕೈ ಅಡ್ಡ ಹಿಡಿದು ಸುಮ್ಮನಿರಿ ಅಂದುಬಿಟ್ಟಳು. ಈಗೀಗ ನಾನು ಬಾಯಿ ತೆರೆದರೆ ಸಾಕು, ಸುಮ್ಮನಿರಿ ಅನ್ನುತ್ತಾಳೆ. ಕಾಗದ ಬರೆಯುವಾಗ ಜೋರಾಗಿ ಹೇಳಿಕೊಂಡು ಬರೆಯುವುದು ನನ್ನ ಅಭ್ಯಾಸ, ನಿನಗೆ ಗೊತ್ತಲ್ಲ. ಅದಕ್ಕೂ ಈಗ ಕಟ್ಟಳೆ. ಇದನ್ನು ಕಳ್ಳನ ಹಾಗೆ ತುಟಿ ಮುಚ್ಚಿಕೊಂಡು ಬರೆಯುತ್ತಿದ್ದೇನೆ, ಆದ್ದರಿಂದ ಎಲ್ಲಾದರೂ ಗರ್ಜನೆ ಕಡಿಮೆಯಾಗಿದ್ದರೆ ನೀನೇ ತುಂಬಿಸಿಕೊಂಡು ಓದು.

ಕಪ್ಪು ಬಿಳುಪಿನಲ್ಲಿ ಏನು ತಿಳಿಯುತ್ತದೆ? ಆ ಮರಳಿನ ಬಣ್ಣ ಯಾವುದು ಹೇಳು. ಗೋಧಿಯೋ, ಅರಿಶಿನವೋ, ಇಟ್ಟಿಗೆಯೋ? ಅರಸನ ಕಾಲ ಕೆಳಗೆ ಇರುವುದು ಏನು ಅಂತ ಅರಸನಿಗೆ ತಿಳಿಯಬೇಡವೇ?

ಹೋದ ವಾರ ಮೈಸೂರಿಗೆ ಒಂದು ಕೆಲಸದ ಮೇಲೆ ಹೋಗಿದ್ದೆ, ಮತ್ತೆ ಹೋಗಬೇಕು. ಕಾರ್ಖಾನೆಯ ನಮ್ಮ ಲೋಕೇಶ ಇದ್ದಾನಲ್ಲ, ಅವನಿಗೆ ಅರಸನ ಪಾತ್ರ ಕಲಿಸುತ್ತಿದ್ದೇನೆ. ಸುಮ್ಮನೆ, ಇರಲಿ ಅಂತ. ನೀನು ಯಾವಾಗ ಹೊರಡುತ್ತೀಯ? ದಿನಾಂಕ ಬರೆ. ಬರೆಯುವಾಗ ಒಂದು ಸಲ ಜೋರಾಗಿ ಹೇಳಿಕೊ.

ತಿಮ್ಮರಾಜು

~

ಜೈಸಲ್ಮೇರ್
27-12-1993

ತಿಮ್ಮ,

ಬಣ್ಣ ಕೇಳಿದ್ದೀಯ. ಹೇಳುವುದು ಕಷ್ಟ. ಬೆಳಗ್ಗೆ ಹುರಿಗಡಲೆ ಹಿಟ್ಟು. ಮಧ್ಯಾಹ್ನ ಬಣ್ಣವೇ ಇಲ್ಲ. ಸಂಜೆ ಆಲೆಮನೆಯ ಕೊಪ್ಪರಿಗೆಯಲ್ಲಿ ಬೆಲ್ಲ ಹದಕ್ಕೆ ಬರುತ್ತದಲ್ಲ, ಆ ಪಾಕ.

ನನ್ನ ತಪ್ಪು ಎಲ್ಲಿತ್ತು ಅಂತ ಇಲ್ಲಿ ಗೊತ್ತಾಯಿತು. ನಾನು ಮರಳನ್ನು ಬರೆಯಲು ಹೋಗಿದ್ದೆ. ಮರಳಿಗೆ ಆಕಾರವೇ ಇಲ್ಲ. ಬಿಸಿಲು ಓರೆಯಾದಾಗ ಒಂದು ಮಗ್ಗುಲಿಗೆ ನೆರಳು ಬೀಳುತ್ತದೆ, ಆ ನೆರಳಿನ ಅಂಚೇ ದಿಬ್ಬ. ಈಗ ಸೂರ್ಯ ಹುಟ್ಟಿದ ಮೇಲೆ ಒಂದು ಗಂಟೆ, ಮುಳುಗುವ ಮುಂಚೆ ಒಂದು ಗಂಟೆ, ಅಷ್ಟೇ ಫೋಟೊ ತೆಗೆಯುವುದು. ಉಳಿದ ಹೊತ್ತು ಕೂತು ಲೆನ್ಸು ಒರೆಸುತ್ತೇನೆ. ಪಾರ್ವತಮ್ಮನ ಹಳೇ ಸೀರೆಯಲ್ಲಿ ಕ್ಯಾಮೆರಾ ಸುತ್ತಿಟ್ಟರೂ ಫೋಕಸ್ಸಿನ ಬಳೆ ತಿರುಗಿಸಿದರೆ ಕರಕರ ಅನ್ನುತ್ತದೆ.

ಹೆಜ್ಜೆ ಗುರುತಿನದೇ ದೊಡ್ಡ ಕಾಟ. ಹತ್ತಿರ ಹೋಗದೆ ಫೋಟೊ ಇಲ್ಲ, ಹೋದರೆ ನನ್ನ ಕಾಲೇ ಫೋಟೊದಲ್ಲಿ. ಅದಕ್ಕೆ ದಿಬ್ಬವನ್ನು ಬಳಸಿಕೊಂಡು ಹಿಂದಿನಿಂದ ಹತ್ತುತ್ತೇನೆ. ತಪ್ಪಿ ತುಳಿದರೆ ಗಾಳಿ ಬಂದು ಒರೆಸುವ ತನಕ ಕಾಯುತ್ತೇನೆ. ಮನುಷ್ಯ ಬಂದು ಹೋದ ಗುರುತು ಒಂದೂ ಇರಬಾರದು.

ಒಂದು ಮಾತು. ಮಂಚಯ್ಯ ಅಂದದ್ದಕ್ಕೆ ನನಗೆ ಬೇಜಾರಿಲ್ಲ. ಅವನಿಗೆ ಮರಳು ಅಂದರೆ ಮರಳೇ. ಆದರೆ ಆಮೇಲೆ ನೀನು ಏನಂದೆ ಅನ್ನುವುದನ್ನು ನಿನ್ನ ಕಾಗದದಲ್ಲಿ ಬರೆಯಲಿಲ್ಲವಲ್ಲ. ನಾನು ಪರದೆಯ ಹಿಂದೆ ಹಗ್ಗ ಹಿಡಿದು ನಿಂತಿದ್ದೆ, ಪ್ರತಿ ಅಕ್ಷರ ಕೇಳಿಸಿತು. ಕಿರೀಟ ಇಟ್ಟುಕೊಂಡ ಅರಸ ಜನರ ಕಡೆ ತಿರುಗಿ, “ತುಂಬ್ಕೊಂಡೋಗ್ಲಾ ಮಂಚ, ನಮ್ಮಾಚಾರಿ ಬರ್ದಿರೋದೂ ಅಕ್ಕೆಬ್ಬಾಳು ಹೊಳೇನೆ” ಅಂದ. ಊರೆಲ್ಲ ನಕ್ಕಿದ್ದು ಆವಾಗ.

ಮೂವತ್ತು ವರ್ಷ ನಿನ್ನ ಬೆನ್ನ ಹಿಂದೆ ಕಾಡು, ಅರಮನೆ, ಕೈಲಾಸ ಎಲ್ಲ ಬರೆದು ನಿಲ್ಲಿಸಿದ್ದೇನೆ. ನೀನು ಒಂದು ದಿನ ತಿರುಗಿ ನೋಡಿದವನಲ್ಲ. ನೋಡಿದ್ದು ಅವತ್ತೇ. ಅದೂ ಜನರನ್ನು ನಗಿಸುವುದಕ್ಕೆ.

ಲೋಕೇಶನಿಗೆ ಪಾತ್ರ ಬಿಟ್ಟುಕೊಡುತ್ತಿದ್ದೀಯ ಅಂತ ತಿಳಿಯಿತು. ನನ್ನ ಮರುಭೂಮಿಯ ಮುಂದೆ ನಿಲ್ಲುವುದಕ್ಕೆ ನಿನಗೆ ನಾಚಿಕೆ ಅಂತ ಅರ್ಥಮಾಡಿಕೊಂಡಿದ್ದೇನೆ. ಭಂವರ್‌ಲಾಲ್ ಇಲ್ಲೇ ಇದ್ದುಬಿಡಿ, ಮನೆಯವರನ್ನೂ ಕರೆಸಿಕೊಳ್ಳಿ ಅನ್ನುತ್ತಿದ್ದಾರೆ. ಯೋಚಿಸುತ್ತಿದ್ದೇನೆ. ಹೊರಡುವ ದಿನಾಂಕ ಗೊತ್ತಿಲ್ಲ.

ಕೃಷ್ಣಮೂರ್ತಿ

~

ತಂತಿ
ಕೃಷ್ಣರಾಜಪೇಟೆಯಿಂದ ಜೈಸಲ್ಮೇರಿಗೆ, 12-1-1994
(ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಒಂದೇ ಕನ್ನಡ ಪದ)

ಮರಳು

~

ಜೈಸಲ್ಮೇರ್
15-1-1994

ಲೇ ತಿಮ್ಮ,

ತಂತಿ ಬಂತು ಅಂದಾಗ ಒಡೆಯಲು ನನಗೆ ಧೈರ್ಯ ಬರಲಿಲ್ಲ. ನಮ್ಮ ಕಡೆ ತಂತಿ ಅಂದರೆ ಏನು ಸುದ್ದಿ ಅಂತ ನಿನಗೆ ಗೊತ್ತು. ಭಂವರ್‌ಲಾಲ್ ಅವರೇ ನನ್ನನ್ನು ಕೂರಿಸಿ, ನೀರು ಕೊಟ್ಟು, ಒಡೆದರು. ಅವರಿಗೆ ಓದಲು ಬಂತು, ಅರ್ಥವಾಗಲಿಲ್ಲ. ನನಗೆ ತೋರಿಸಿದರು. ಒಂದು ಗಳಿಗೆ ನೋಡಿದೆ, ಆಮೇಲೆ ಅಂಗಡಿಯ ಮೆಟ್ಟಿಲ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆ. ಊರು ಬಿಟ್ಟ ಮೇಲೆ ಅದೇ ಮೊದಲು ನಕ್ಕದ್ದು.

ಕಾಗದದಲ್ಲಿ ಬಣ್ಣ ಹೇಳಿದ್ದು ಸಾಲದು ಅಂತ, ತಂತಿ ಕೊಟ್ಟು ಮರಳು ಕೇಳುವ ಗಂಡಸು ಈ ಭೂಮಿಯ ಮೇಲೆ ನೀನೊಬ್ಬನೇ. ನನಗೆ ಗೊತ್ತು ಕಣೋ. ತಪ್ಪಾಯಿತು ಅನ್ನಲು ನಿನ್ನ ಬಾಯಿಗೆ ಬರುವುದಿಲ್ಲ, ಹುಟ್ಟಿದಾಗಿನಿಂದ ಬಂದಿಲ್ಲ. ಮಂಚಯ್ಯನ ಮಾತನ್ನೇ ಹಿಡಿದುಕೊಂಡು ಬಾಗಿಲು ತಟ್ಟಿದ್ದೀಯ. ಆಯಿತು, ತೆರೆದೆ. ಹೋದ ಕಾಗದದಲ್ಲಿ ನಾನೂ ಸ್ವಲ್ಪ ಬಿರುಸಾಗಿ ಬರೆದಿದ್ದೆ.

ಸಂಜೆ ಬೆಲ್ಲದ ಬಣ್ಣಕ್ಕೆ ತಿರುಗುವ ದಿಬ್ಬವನ್ನು ಹುಡುಕಿ, ಮೇಲಿನ ಪದರ ಸವರಿ, ಒಂದು ತುಪ್ಪದ ಡಬ್ಬದ ತುಂಬ ತುಂಬಿದ್ದೇನೆ. ಬಟ್ಟೆ ಹೊಲಿದು ಪಾರ್ಸೆಲ್ ಮಾಡಿದ್ದೇನೆ, ಈ ಕಾಗದವನ್ನು ಅದರ ಮೇಲೇ ಕಟ್ಟಿ ಕಳಿಸುತ್ತೇನೆ. ಅಂಚೆಯವರು ಒಳಗೇನು ಅಂದರು, ಮರಳು ಅಂದೆ. ಯಾರಿಗೆ ಅಂದರು, ಒಬ್ಬ ರಾಜನಿಗೆ ಅಂದೆ.

ಕೈ ಹಾಕಿ ನೋಡು. ಲೋಕೇಶನಿಗೆ ಪಾತ್ರ ಗೀತ್ರ ಕೊಡಬೇಡ. ಪರದೆ ಹೊಸದಾಗಿ ನಾನೇ ಬರೆಯುತ್ತೇನೆ. ಅವಸರ ಇಲ್ಲವಲ್ಲ, ಮಾರ್ಚ್ ತನಕ ಹೊತ್ತಿದೆ. ಫೆಬ್ರವರಿ ಕೊನೆಗೆ ಗಾಳಿ ಏಳುತ್ತದಂತೆ, ದಿಬ್ಬಗಳು ನಡೆಯುತ್ತವಂತೆ. ಅದನ್ನೂ ಫೋಟೊ ತೆಗೆದುಕೊಂಡು ನಿಧಾನಕ್ಕೆ ಬರುತ್ತೇನೆ.

ನಿನ್ನ
ಕಿಟ್ಟಿ

~

ಅಕ್ಕಿಹೆಬ್ಬಾಳು
11-2-1994

ಕಿಟ್ಟಿ,

ಡಬ್ಬ ಬಂದಿದೆ. ನಾನು ಆಸ್ಪತ್ರೆಯಿಂದ ಮನೆಗೆ ಬಂದ ಮಾರನೇ ದಿನ ಬಂತು.

ಗಂಟಲಲ್ಲಿ ಗಂಟಿತ್ತು. ಡಿಸೆಂಬರಿನಲ್ಲಿ ಮೈಸೂರಿಗೆ ಹೋದದ್ದು ಅದಕ್ಕೇ. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ತೆಗೆದರೆ ಜೀವ ಉಳಿಯುತ್ತದೆ ಅಂದರು. ಜನವರಿ ಇಪ್ಪತ್ತೇಳಕ್ಕೆ ತೆಗೆದರು. ಇನ್ನು ನನಗೆ ಮಾತಿಲ್ಲ. ಕತ್ತಿನಲ್ಲಿ ಒಂದು ತೂತಿದೆ, ಉಸಿರು ಅಲ್ಲಿಂದ. ಮೇಲೆ ತೆಳು ಬಟ್ಟೆ ಕಟ್ಟಿದ್ದಾರೆ. ಧೂಳು ಹೋಗಬಾರದಂತೆ. ಅದಕ್ಕೆ ನಿನ್ನ ಡಬ್ಬವನ್ನು ಬೆಟ್ಟಮ್ಮ ದೂರ ಇಟ್ಟಿದ್ದಾಳೆ. ನಾನು ತೋಳು ಚಾಚಿ ಕೈ ಮಾತ್ರ ಹಾಕುತ್ತೇನೆ. ರವೆಗಿಂತ ನುಣುಪು ಕಣೋ.

ನಿನ್ನ ಡಿಸೆಂಬರಿನ ಕಾಗದ ಓದಿದ ದಿನವೇ ತಂತಿ ಕೊಡಲು ಪೇಟೆಗೆ ಹೋದೆವು. “ಕಾಯ್ಲೆ ಅಂತ ಬರ್ಸಿ, ಓಡ್ಬತ್ತಾರೆ” ಅಂದಳು ಬೆಟ್ಟಮ್ಮ. ಕಾಯಿಲೆ ಅಂದರೆ ಆಸ್ಪತ್ರೆಗೆ ಬರುತ್ತಾನೆ, ನನ್ನ ಹತ್ತಿರ ಬರುವುದಿಲ್ಲ ಅಂದೆ. ನಾಟಕದ ಮಾತು ನೋಡಿದರೆ ನಿನಗೆ ತಾನಾಗಿ ತಿಳಿಯುತ್ತದೆ ಅಂತ ಧೈರ್ಯ. ಅರಸ ಕರೆಯುತ್ತಿದ್ದಾನೆ ಅಂತ. ಕನ್ನಡದಲ್ಲಿ ಹೋಗುವುದಿಲ್ಲ ಅಂದರು, ಇಂಗ್ಲಿಷ್ ಅಕ್ಷರ ಕೂಡಿಸಿ ಬರೆದುಕೊಟ್ಟೆ.

ಬಾ ಅಂದೆ. ನೀನು ಮರಳು ಕಳಿಸಿದೆ. ಮಂಚಯ್ಯನೇ ಗೆದ್ದ.

ಡಬ್ಬದ ಮೇಲಿನ ನಿನ್ನ ಕಾಗದ ಓದಿ ನಕ್ಕೆ. ಸದ್ದು ಬರಲಿಲ್ಲ, ಭುಜ ಕುಣಿಯಿತು. ಬೆಟ್ಟಮ್ಮ ಅಳುತ್ತಿದ್ದೇನೆ ಅಂತ ತಿಳಿದು ಓಡಿಬಂದಳು. ಎರಡೂ ಇತ್ತು ಅನ್ನು.

ತಂತಿ ಕೊಟ್ಟ ಮೇಲೆ, ಜನವರಿ ಹದಿನೇಳರಿಂದ ಇಪ್ಪತ್ತೈದರ ತನಕ ದಿನಾ ಸ್ಟೇಷನ್ನಿನಲ್ಲಿ ಕೂತೆ. ಮನೆಯಲ್ಲಿ ಮಾತಾಡಲಿಲ್ಲ, ಇದ್ದ ಅಷ್ಟು ದನಿಯನ್ನು ನಿನಗೆ ಅಂತ ಉಳಿಸಿಕೊಂಡಿದ್ದೆ. ನೀನು ರೈಲಿಳಿದ ಕೂಡಲೆ ಹೇಳಬೇಕೆಂದಿದ್ದದ್ದನ್ನು ಈಗ ಬರೆಯುತ್ತೇನೆ. ದಸರಾ ನಾಟಕದಲ್ಲಿ ಒಂದನೇ ಸಲ ಮರಳು ಅಂದಾಗ ನನ್ನ ದನಿ ಒಡೆಯಿತು. ಯಾರಿಗೂ ಗೊತ್ತಾಗಿರಲಿಕ್ಕಿಲ್ಲ, ನನಗೆ ಗೊತ್ತಾಯಿತು. ಎರಡನೆಯದು ಬರುವುದಿಲ್ಲ ಅನ್ನಿಸಿತು. ಅಷ್ಟರಲ್ಲಿ ಮಂಚಯ್ಯ ಕೂಗಿದ. ಜನ ನನ್ನ ದನಿಗೆ ನಗುವ ಮುಂಚೆ ನಿನ್ನ ಪರದೆಗೆ ನಗಿಸಿಬಿಟ್ಟೆ. ನಿನ್ನ ಮೂವತ್ತು ವರ್ಷದ ಕೆಲಸವನ್ನು ಅಡ್ಡ ಹಿಡಿದು ಬಚ್ಚಿಟ್ಟುಕೊಂಡೆ. ತಪ್ಪಾಯಿತು. ಬಾಯಲ್ಲಿ ಹೇಳಲು ಆಗಲಿಲ್ಲ, ಬಾಯಿ ಇದ್ದಾಗ.

ಇಪ್ಪತ್ತಾರನೇ ತಾರೀಕು ಬೆಳಗ್ಗೆ ಬೆಟ್ಟಮ್ಮನ ಜೊತೆ ಹೊಳೆಗೆ ಹೋಗಿದ್ದೆ. ಮರಳ ಮೇಲೆ ನಿಂತು ಅರಸನ ಮಾತು ಹೇಳಿದೆ. ಎರಡು ಸಲ ಬಂತು. ಮೂರನೆಯದು ಬರಲಿಲ್ಲ. “ಅದು ಆಗ್ಲೇ ತಂತೀಲಿ ಹೋಗ್ಯದೆ ಬುಡಿ” ಅಂದಳು.

ನಾಟಕ ನಡೆಯಲಿ. ಲೋಕೇಶ ಮಾಡುತ್ತಾನೆ. ಗಾಳಿ ಏಳುವುದನ್ನು ನೋಡಿಕೊಂಡೇ ಬಾ.

ತಿಮ್ಮ

~

ಜೈಸಲ್ಮೇರ್
20-2-1994

ತಿಮ್ಮ,

ನಿನ್ನೆ ಕಾಗದ ಬಂತು. ಆ ತಂತಿಯನ್ನು ಜೇಬಿನಿಂದ ತೆಗೆದು ಮತ್ತೆ ಓದಿದೆ. ಅದೇ ಅಕ್ಷರ, ಈಗ ಬೇರೆ ಪದ. ಒಂದು ತಿಂಗಳು ನಿನ್ನ ದನಿ ನನ್ನ ಜೇಬಿನಲ್ಲಿತ್ತು, ನಾನು ಅದನ್ನು ತಮಾಷೆ ಅಂತ ಇಟ್ಟುಕೊಂಡಿದ್ದೆ. ಇದನ್ನು ಹೇಗೆ ಕ್ಷಮಿಸುತ್ತೀಯೋ ಗೊತ್ತಿಲ್ಲ. ಕ್ಷಮಿಸಬೇಡ, ಇರಲಿ. ಎದುರಿಗೆ ಕೂತು ಬೈಸಿಕೊಳ್ಳುತ್ತೇನೆ, ಸ್ಲೇಟಿನ ಮೇಲೆ ಬರೆದಾದರೂ ಬೈಯಿ.

ಇವತ್ತು ಬೆಳಗ್ಗೆ ದಿಬ್ಬ ಹತ್ತಿ ನಿನ್ನ ಅರಸನ ಮಾತನ್ನು ನಾನು ಕೂಗಿದೆ. ಮಾತು ನನ್ನ ತುಟಿಯ ಹತ್ತಿರವೇ ಬಿದ್ದುಹೋಯಿತು. ಮರಳು ಎಲ್ಲ ಸದ್ದನ್ನೂ ನುಂಗುತ್ತದೆ ಕಣೋ. ಮೈಕಿಲ್ಲದ ಕಾಲದಿಂದ ಬಯಲಿನ ಕೊನೆಯಲ್ಲಿ ಕೂತ ಮುದುಕಿಗೂ ಕೇಳಿಸುವ ಹಾಗೆ ನೀನು ಹೇಗೆ ಹೇಳುತ್ತಿದ್ದೆ? ಮೂವತ್ತು ವರ್ಷ ನಿನ್ನ ದನಿಯನ್ನು ಬೆನ್ನ ಕಡೆಯಿಂದ ಕೇಳಿದ್ದೇನೆ. ಪರದೆ ಅದಕ್ಕೆ ನಡುಗುತ್ತಿತ್ತು, ಹಗ್ಗ ಹಿಡಿದ ನನ್ನ ಕೈಗೆ ಗೊತ್ತಾಗುತ್ತಿತ್ತು. ನೀನು ಪರದೆ ನೋಡಲಿಲ್ಲ ಅಂತ ಬೈದೆನಲ್ಲ, ನಾನೂ ಒಂದು ದಿನ ಮುಂದೆ ಬಂದು ಕೂತು ನಿನ್ನನ್ನು ಕೇಳಲಿಲ್ಲ.

ಇಳಿಯುವಾಗ ಬಳಸಿಕೊಂಡು ಬರಲಿಲ್ಲ, ನೇರವಾಗಿ ಇಳಿದುಬಂದೆ. ಕೆಳಗೆ ನಿಂತು ತಿರುಗಿ ಒಂದು ಫೋಟೊ ತೆಗೆದೆ. ಗಾಳಿಗೆ ಕಾಯಲಿಲ್ಲ. ಅದೇ ಕೊನೆಯ ರೀಲಿನ ಕೊನೆಯ ಫೋಟೊ. ಕ್ಯಾಮೆರಾ ಮುಚ್ಚಿದ್ದೇನೆ.

ನಾಳೆ ಹೊರಡುತ್ತೇನೆ. ಆ ಡಬ್ಬದ ಮರಳನ್ನು ಬೆಟ್ಟಮ್ಮನ ಕೈಲಿ ಸ್ಟುಡಿಯೊಗೆ ಕಳಿಸಿಕೊಡು. ಏನಕ್ಕೆ ಅಂತ ಕೇಳಬೇಡ. ನಾಟಕದ ದಿನ ನೀನು ಮುಂದಿನ ಸಾಲಿನಲ್ಲಿ ಕೂರಬೇಕು, ಅದಕ್ಕಿಂತ ಮುಂಚೆ ಪರದೆ ತೋರಿಸುವುದಿಲ್ಲ.

ಕಿಟ್ಟಿ

~

ಪಾಂಡವಪುರ
27-3-1994
(ನಾಟಕದ ಕರಪತ್ರದ ಹಿಂಬದಿಯಲ್ಲಿ, ಮುಂದಿನ ಸಾಲಿನ ಕುರ್ಚಿಯಿಂದ)

ಪರದೆಯ ಹಿಂದಿರುವ ಆಚಾರಿಗೆ,

ಇದನ್ನು ಬೆಟ್ಟಮ್ಮನ ಕೈಲಿ ಕಳಿಸುತ್ತಿದ್ದೇನೆ. ಕೊನೆಯ ದೃಶ್ಯ ನಡೆಯುತ್ತಿದೆ, ಲೋಕೇಶ ಇನ್ನೂ ರಂಗದ ಮೇಲೇ ಇದ್ದಾನೆ. ಜನ್ಮದಲ್ಲಿ ಮೊದಲನೇ ಸಲ ನಿನ್ನ ಪರದೆ ಇಳಿಯುವುದನ್ನು ಎದುರಿನಿಂದ ನೋಡಿದೆ.

ಅಂಟಿನ ಮೇಲೆ ಆ ಮರಳನ್ನೇ ಎರಚಿದ್ದೀಯ. ಪರದೆ ಬಿಚ್ಚಿಕೊಳ್ಳುವಾಗ ಸರಸರ ಅಂತ ಸದ್ದು ಬಂತು, ಯಾರೋ ಪಿಸುಮಾತಾಡಿದ ಹಾಗೆ. ತೆಂಗಿನ ಮರ ಇಲ್ಲ. ಬೆಲ್ಲದ ಬಣ್ಣ, ಒಂದು ಮಗ್ಗುಲು ನೆರಳು. ನನ್ನ ಕಾಲ ಹತ್ತಿರವೇ ನೆಲದ ಮೇಲೆ ಮಂಚಯ್ಯ ಕೂತಿದ್ದ. ಲೋಕೇಶ ಒಂದನೇ ಸಲ ಮರಳು ಅಂದ. ಮಂಚಯ್ಯ ಎಲ್ಲಿ ಎದ್ದಾನೋ ಅಂತ ಅವನ ಭುಜ ಅದುಮಿ ಹಿಡಿದೆ. ಅವನು ಬರಿಗಾಲನ್ನು ಮಡಚಿ ಪಂಚೆಯೊಳಕ್ಕೆ ಎಳೆದುಕೊಂಡು, “ಸುಡ್ತದೆ ಕಣ್ರಲಾ” ಅಂದ. ಯಾರೂ ನಗಲಿಲ್ಲ.

ಆದರೆ ಒಂದು ತಪ್ಪು ಮಾಡಿದ್ದೀಯ. ದೂರದ ದಿಬ್ಬದಿಂದ ಒಂದು ಸಾಲು ಹೆಜ್ಜೆ ಇಳಿದು, ದೊಡ್ಡದಾಗುತ್ತಾ ಆಗುತ್ತಾ, ಸೀದಾ ನನ್ನ ಕಡೆಗೇ ಬಂದಿದೆ. ನಾಟಕ ಬರೆದವನು ನಾನು. ನನ್ನ ನಾಟಕದಲ್ಲಿ ಅರಸ ಕರೆದರೆ ಗೆಳೆಯ ಬರುವುದಿಲ್ಲ. ಇದಕ್ಕೆ ಏನು ಹೇಳುತ್ತೀಯ?

ತಿಮ್ಮ

~

(ಅದೇ ಕರಪತ್ರದ ಅಂಚಿನಲ್ಲಿ, ಬಡಗಿಯ ಪೆನ್ಸಿಲಿನಲ್ಲಿ)

ಮರಳಿದೆ.